ಖಾಲಿ ಕೊಡಬಾರದ ಪಾತ್ರೆ

ಹೋವ್ಡೆನ್, ಮಿನೆಸೋಟ
ಅಕ್ಟೋಬರ್ 3, 2022

ಪ್ರೀತಿಯ ಟ್ವೈಲಾ,

ಹಾರ್ಲನ್‌ನ ಕೈಯಲ್ಲಿ ಈಗ ಪೆನ್ನು ನಿಲ್ಲುವುದಿಲ್ಲ. ಅದಕ್ಕೇ ಅವನ ಪಾಲಿನ ಮಾತನ್ನೂ ನಾನೇ ಬರೆಯುತ್ತಿದ್ದೇನೆ. "ನಿನ್ ತಂಗಿಗೆ ಬರಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರ್ಲೇಬೇಕು ಅಂತ. ಬಂದು ಅವಳ ಕೈಯಾರೆ ಹಾಟ್‌ಡಿಶ್ ಮಾಡ್ಲಿ. ಮೂಲೆ ತುಂಡು ನಂದು ಅಂತ ಈಗ್ಲೇ ಹೇಳಿಡು" ಎಂದು ಬೆಳಗಿನಿಂದ ಪ್ರಾಣ ತಿನ್ನುತ್ತಿದ್ದಾನೆ. ನಾನು ಮಾಡಿದ್ದು ಬಾಯಿಗೆ ಹಿಡಿಸುವುದಿಲ್ಲವಂತೆ. ಮದುವೆಯಾದಾಗಿನಿಂದ ತಿಂದು ಈಗ ಹೇಳುತ್ತಾನೆ ನೋಡು! ಕೊಚ್ಚಿದ ಮಾಂಸ, ಮೇಲೆ ಸಾಲಾಗಿ ಆಲೂಗಡ್ಡೆ ತುಣುಕು, ಓವನ್ನಿನಲ್ಲಿ ಕೆಂಪಾಗುವವರೆಗೆ ಬೇಯಿಸುವುದು, ಅದರಲ್ಲಿ ನೀನು ಮಾಡುವ ಮಂತ್ರ ಏನಿದೆಯೋ ನಾನರಿಯೆ. ಡಾಕ್ಟರು ಬಾಯಿಬಿಟ್ಟು ಏನೂ ಹೇಳಿಲ್ಲ. ಆದರೆ ಬರುವ ಬೇಸಿಗೆಯ ಮಾತೆತ್ತಿದರೆ ಕಿಟಕಿಯ ಕಡೆ ತಿರುಗುತ್ತಾರೆ. ನನಗೆ ಅಷ್ಟೂ ಅರ್ಥವಾಗದೆ? ಅದಕ್ಕೇ ಈ ಸಲ ನೀನು ಬಾ.

ಊರಿನ ಸುದ್ದಿ ಕೇಳಬೇಡ. ನೈಗಾರ್ಡ್ ದಿನಸಿ ಅಂಗಡಿ ಮುಚ್ಚಿತು. ಗಾಜಿಗೆ ಹಲಗೆ ಹೊಡೆದಿದ್ದು ನೋಡಿ ನನಗೆ ಕಣ್ಣೀರೇ ಬಂತು. ಈಗ ಊರಿಗೆಲ್ಲ ಸಾಮಾನು ಡಬ್ಬದಲ್ಲಿ ಬರುತ್ತದೆ. ಫೋನಿನ ಮೇಲೆ ಬೆರಳಾಡಿಸಿದರೆ ಸಾಕು, ಮೊಟ್ಟೆಯೂ ಬಂತು, ಮೊಳೆಯೂ ಬಂತು. ತಂದವರು ಬೆಲ್ ಒತ್ತುವುದಿಲ್ಲ, ಮುಖ ತೋರಿಸುವುದಿಲ್ಲ. ಬಾಗಿಲ ಮುಂದೆ ಇಟ್ಟು, ಬಾಗಿಲಿನದೊಂದು ಫೋಟೋ ಹೊಡೆದುಕೊಂಡು ಕಳ್ಳರ ಹಾಗೆ ಓಡುತ್ತಾರೆ. ಥೂ, ಅದೂ ಒಂದು ಕೆಲಸವೇ?

ಓರ್ವಿಲ್ ಟ್ವೀಟೆನ್ ಹೋದ ತಿಂಗಳು ತೀರಿಹೋದ. ಆ ಮನೆಗೆ ಅಡುಗೆ ತುಂಬಿಕೊಂಡು ಬಂದ ಪಾತ್ರೆ ನನ್ನದೊಂದು, ಚರ್ಚಿನ ಪಾಸ್ಟರ್ ಹೆಂಡತಿಯದೊಂದು. ಉಳಿದವರೆಲ್ಲ ಹೋಟೆಲ್ ಊಟದ ಕೂಪನ್ನನ್ನು ಫೋನಿಗೆ ಕಳಿಸಿ ಕೈತೊಳೆದುಕೊಂಡರು. ಅಮ್ಮ ಪಾತ್ರೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆಯುತ್ತಿದ್ದಳಲ್ಲ, ಅದು ಪಾತ್ರೆ ಕಳೆದೀತು ಅಂತಲ್ಲ. ವಾಪಸು ಕೊಡಲು ಅವರು ನಮ್ಮ ಮನೆಗೆ ಬರಲಿ ಅಂತ. ಸಾವಾದ ವಾರ ಎಲ್ಲರೂ ಬರುತ್ತಾರೆ. ತಿಂಗಳಾದ ಮೇಲೆ, ಮನೆ ಬಿಕೋ ಅನ್ನುವಾಗ, ತೊಳೆದ ಪಾತ್ರೆಯಲ್ಲಿ ನಾಲ್ಕು ಬಿಸ್ಕತ್ತಾದರೂ ಹಾಕಿಕೊಂಡು, ಏಕೆಂದರೆ ಖಾಲಿ ಕೊಡಬಾರದು, ಒಬ್ಬೊಬ್ಬರ ಮನೆಗೂ ಹೋಗಬೇಕು, ಕೂತು ಕಾಫಿ ಕುಡಿಯಬೇಕು. ನಿಜವಾದ ಅಳು ಬರುವುದು ಆಗಲೇ. ಓರ್ವಿಲ್‌ನ ಹೆಂಡತಿ ನನ್ನ ಪಾತ್ರೆ ತಂದುಕೊಟ್ಟ ದಿನ ಸಂಜೆಯವರೆಗೂ ಏಳಲಿಲ್ಲ.

ಕಾಫಿ ಎಂದರೆ ನೆನಪಾಯಿತು. ಚಿಕ್ಕಂದಿನಲ್ಲಿ ಪಾಸ್ಟರ್ ಮನೆಯಲ್ಲಿ ಕೇಕ್ ಕೊಟ್ಟಾಗ ನೀನು ಮೊದಲ ಸಲಕ್ಕೇ ಕೈ ಚಾಚಿದ್ದೆ, ಅಮ್ಮ ದಾರಿಯುದ್ದಕ್ಕೂ ಕಿವಿ ಹಿಂಡಿದ್ದಳು. "ಮೊದಲ್ನೇ ಸಲ ಕೇಳಿದ್ರೆ ಬೇಡ ಅನ್ಬೇಕು, ಎರಡ್ನೇ ಸಲಾನೂ ಬೇಡ ಅನ್ಬೇಕು, ಮೂರ್ನೇ ಸಲ ಕೇಳಿದ್ಮೇಲೆ ಸರಿ ಒಂಚೂರು ಕೊಡಿ ಅನ್ಬೇಕು ಕಣೇ ಹೊಟ್ಟೆಬಾಕಿ!" ಎಂದು. ನಮ್ಮೂರಲ್ಲಿ ಈಗಲೂ ಅದೇ ರೀತಿ. ಕೇಳುವವರೇ ಕಡಿಮೆಯಾಗಿದ್ದಾರೆ.

ಅಮ್ಮನ ನೀಲಿ ಅಂಚಿನ ಪಾತ್ರೆಯನ್ನು ನೀನು ಅರಿಜೋನಾಗೆ ಹೊತ್ತುಕೊಂಡು ಹೋದದ್ದು ನಾನು ಮರೆತಿಲ್ಲ. ನಿನ್ನ ಈಜುಕೊಳದ ಮನೆಯಲ್ಲಿ ಗಾಜಿನ ಕಪಾಟು ಸೇರಿರಬೇಕು. ಬರುವಾಗ ತಾ.

ನಿನ್ನ ಅಕ್ಕ
ಆರ್ಡಿಸ್


ಟೂಸಾನ್, ಅರಿಜೋನಾ
ಅಕ್ಟೋಬರ್ 21, 2022

ಅಕ್ಕಾ,

ನಿನ್ನ ಅಪ್ಪಣೆ ತಲುಪಿತು. ಭಾವನಿಗೆ ಹೇಳು, ಒಂದಲ್ಲ, ನಾಲ್ಕು ಮೂಲೆಯೂ ಅವರಿಗೇ. ನಡುವಿನ ಮೆತ್ತನೆಯದು ನಿನಗೆ, ಬೈಯುವಾಗ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲ.

ನಾನು ಆರಾಮವಾಗಿದ್ದೇನೆ. ಇಲ್ಲಿನ್ನೂ ಸುಡುಬಿಸಿಲು. ದಿನವೆಲ್ಲ ಓಡಾಟ, ಈ ಊರಿನಲ್ಲಿ ನಾನು ಸುತ್ತದ ಬೀದಿಯಿಲ್ಲ. ನಿವೃತ್ತಳಾದ ಮೇಲೆ ಮೈ ಬಂದೀತು ಎಂದು ಹೆದರಿಸಿದ್ದೆಯಲ್ಲ, ಈಗ ನೋಡಿದರೆ ನಿನಗೆ ಹೊಟ್ಟೆಕಿಚ್ಚಾಗುತ್ತದೆ.

ಡಬ್ಬ ತರುವವರನ್ನು ಅಷ್ಟು ಬೈಯಬೇಡ. ಬೆಲ್ ಒತ್ತಬೇಡಿ, ಮಗು ಮಲಗಿದೆ, ನಾಯಿ ಬೊಗಳುತ್ತದೆ ಎಂದು ಮನೆಯವರೇ ಬರೆದಿರುತ್ತಾರೆ. ಒತ್ತಿದರೆ ದೂರು. ಫೋಟೋ ತೆಗೆಯದಿದ್ದರೆ ಸಾಮಾನು ತಲುಪಿಯೇ ಇಲ್ಲ ಎಂದು ತಗಾದೆ. ನನಗೆ ಹೇಗೆ ಗೊತ್ತು ಅಂತೀಯಾ? ನನ್ನ ಗೆಳತಿಯೊಬ್ಬಳು ಆ ಕೆಲಸ ಮಾಡುತ್ತಾಳೆ. ನಾನು ಕೆಲಸಕ್ಕಿದ್ದ ಜವಳಿ ಮಳಿಗೆಯಲ್ಲೇ ಇದ್ದವಳು, ಮಳಿಗೆ ಮುಚ್ಚಿದ ಮೇಲೆ ಅದಕ್ಕಿಳಿದಳು. ಒಳ್ಳೆಯವಳು. ನಿನ್ನ ಬಾಯಿಗೆ ಸಿಕ್ಕದಿರಲಿ.

ಹಬ್ಬಕ್ಕೆ ಬರುವುದು ಕಷ್ಟ ಅಕ್ಕಾ. ಆ ವಾರ ಇಲ್ಲಿ ಒಂದಿಷ್ಟು ಜವಾಬ್ದಾರಿ ಒಪ್ಪಿಕೊಂಡುಬಿಟ್ಟಿದ್ದೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಭಾವ ಗಟ್ಟಿ ಮನುಷ್ಯ, ನಾವೆಲ್ಲ ಹೆದರಿದಷ್ಟೇನೂ ಆಗುವುದಿಲ್ಲ.

ಇನ್ನೊಂದು ಮಾತು. ಇನ್ನು ಮೇಲೆ ಲಕೋಟೆಯ ಮೇಲಿರುವ ಪೋಸ್ಟ್ ಬಾಕ್ಸ್ ನಂಬರಿಗೇ ಬರೆ. ನಮ್ಮ ಕಟ್ಟಡದಲ್ಲಿ ಟಪಾಲು ಕದಿಯುವವರು ಸೇರಿಕೊಂಡಿದ್ದಾರೆ.

ಬಿಸಿಲಲ್ಲಿ ಬೆಂದ ನಿನ್ನ ತಂಗಿ
ಟ್ವೈಲಾ


ಹೋವ್ಡೆನ್
ನವೆಂಬರ್ 28, 2022

ಟ್ವೈಲಾ,

ಹಬ್ಬದೂಟಕ್ಕೆ ನಿನ್ನ ಕುರ್ಚಿ ಹಾಕಿದ್ದೆವು. ನೀನು ಒಲ್ಲೆ ಎಂದು ಬರೆದಿದ್ದೆ, ನಿಜ. ಆದರೂ ಹಾರ್ಲನ್ ಹಾಕಿಸಿದ. ಮಂಚದಿಂದ ಇಳಿಸಿ ಮೇಜಿನ ತನಕ ತರುವಷ್ಟರಲ್ಲಿ ನಾನೂ ಅವನೂ ಇಬ್ಬರೂ ಬೆವೆತುಹೋಗಿದ್ದೆವು. ಕಾರಿನ ಸದ್ದಾದಾಗಲೆಲ್ಲ ಕತ್ತು ಎತ್ತುತ್ತಿದ್ದ. ನಾನು ರೇಗಿದರೆ, "ಅವಳು ಇನ್ನೂ ಒಂದೇ ಸಲ ಬೇಡ ಅಂದಿರೋದು ಕಣೇ. ಮೂರಾಗ್ಲಿ ಬಿಡು, ಬರ್ತಾಳೆ" ಎಂದು ನನ್ನನ್ನೇ ಸಮಾಧಾನ ಮಾಡಿದ.

ಜವಾಬ್ದಾರಿಯಂತೆ! ಹೆತ್ತಿಲ್ಲ, ಸಾಕಿಲ್ಲ, ಗಂಡನೆಂಬವನು ಬಿಟ್ಟುಹೋಗಿ ಕಾಲವಾಯಿತು, ನಿನಗೆಂಥ ಜವಾಬ್ದಾರಿ? ಈಜುಕೊಳ ಬಿಟ್ಟು ಹಿಮಕ್ಕೆ ಬರಲು ಮನಸ್ಸಾಗಲಿಲ್ಲ ಎಂದು ನೇರವಾಗಿ ಬರೆದಿದ್ದರೆ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ. ವಿಮಾನ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಇಲ್ಲಿರುತ್ತೀಯ. ನಿನ್ನ ಅನುಕೂಲಕ್ಕೆ ಏನು ಕಡಿಮೆಯಾಗಿದೆ?

ಅವನಿಗೆಂದು ಕಂಬಿಯಿರುವ ಮಂಚ, ರಬ್ಬರ್ ಹಾಸು, ದಿಂಬು ತರಿಸಿದ್ದೇನೆ. ಎಲ್ಲ ಡಬ್ಬದಲ್ಲೇ ಬಂತು. ಏನು ಮಾಡಲಿ, ಇಲ್ಲಿ ಅಂಗಡಿಯೇ ಇಲ್ಲ. ಮಂಚದ ಕಾಲುಗಳನ್ನು ನಾನೇ ಜೋಡಿಸಿದೆ. ಒಂದು ಕಾಲು ಈಗಲೂ ಅಲ್ಲಾಡುತ್ತದೆ.

ಆರ್ಡಿಸ್


ಟೂಸಾನ್
ಡಿಸೆಂಬರ್ 17, 2022

ಅಕ್ಕಾ,

ನಿನ್ನ ಪತ್ರ ಓದಿ ಎರಡು ವಾರವಾಯಿತು. ಡಿಸೆಂಬರ್ ಬಂದರೆ ನನಗೆ ಉಸಿರಾಡಲೂ ಪುರಸೊತ್ತಿಲ್ಲ. ಕಾರಿನೊಳಗೆ ಕೂತು ಇದನ್ನು ಗೀಚುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಬೈಯಬೇಡ.

ಭಾವ ಕತ್ತೆತ್ತಿ ನೋಡುತ್ತಿದ್ದರು ಎಂದು ಬರೆದಿದ್ದೀಯಲ್ಲ, ಅದನ್ನು ಬರೆಯಬಾರದಿತ್ತು.

ನನ್ನ ಆ ಗೆಳತಿ ಒಂದು ಕತೆ ಹೇಳಿದಳು. ಒಬ್ಬ ಮುದುಕ ದಿನಕ್ಕೊಂದು ಸೂಪ್ ಡಬ್ಬಿ ತರಿಸುತ್ತಾನಂತೆ. ಒಂದೇ ಒಂದು. ಒಟ್ಟಿಗೆ ತರಿಸಿದರೆ ಅಗ್ಗವಾಗುತ್ತದೆ ಎಂದು ಇವಳು ಹೇಳಿದ್ದಕ್ಕೆ, "ಒಟ್ಟಿಗೆ ತರಿಸಿದ್ರೆ ನಾಳೆ ಯಾರು ಬರ್ತಾರೆ ತಾಯಿ?" ಅಂದನಂತೆ. ಬಾಗಿಲು ತೆರೆದುಕೊಂಡು ಕಾಯುತ್ತಿರುತ್ತಾನೆ. ಇವಳಿಗೆ ನಿಲ್ಲಲು ಆಗುವುದಿಲ್ಲ, ಫೋನು ಮುಂದಿನ ಮನೆಗೆ ಓಡು ಓಡು ಎನ್ನುತ್ತಿರುತ್ತದೆ. ಕೈಗೆ ಕೊಟ್ಟು ಬರುತ್ತಾಳೆ. ಊಟದ ಹೊತ್ತಿನಲ್ಲಿ ಒಮ್ಮೆ ಅಲ್ಲೇ ನಿಂತು ಮಾತಾಡಿಸಿದ್ದಕ್ಕೆ ಎರಡು ದಿನ ಆ ಫೋನು ಕೆಲಸವನ್ನೇ ಕೊಡಲಿಲ್ಲವಂತೆ. ಇದನ್ನು ನಿನಗೇಕೆ ಬರೆದೆನೋ ಗೊತ್ತಿಲ್ಲ. ತಲೆಯಲ್ಲಿ ಕೂತುಬಿಟ್ಟಿದೆ.

ಭಾವನ ಕಾಲಿಗೆ ಬೆಚ್ಚನೆಯ ಕಾಲುಚೀಲ ಕಳಿಸಿದ್ದೇನೆ. ಅದೂ ಡಬ್ಬದಲ್ಲೇ ಬರುತ್ತದೆ, ಒದೆಯಬೇಡ.

ಟ್ವೈಲಾ


ಹೋವ್ಡೆನ್
ಜನವರಿ 17, 2023

ಟ್ವೈಲಾ,

ಫೋನಿನಲ್ಲಿ ನಾನು ಅಷ್ಟು ಅತ್ತು ಬಾ ಎಂದೆ. ನೀನು "ಆಗಲ್ಲ ಅಕ್ಕಾ, ಈಗ ಆಗಲ್ಲ" ಎಂದೆ. ಹಿಂದೆ ಯಾವುದೋ ಕಾರು ಹಾರನ್ನು ಹೊಡೆಯುತ್ತಿತ್ತು. ಗಂಡ ಸತ್ತ ದಿನ ಒಡಹುಟ್ಟಿದವಳು ಪೇಟೆ ಸುತ್ತುತ್ತಿದ್ದಳು ಎಂದು ನಾನು ಸಾಯುವವರೆಗೂ ನೆನಪಿಟ್ಟುಕೊಳ್ಳುತ್ತೇನೆ.

ಚರ್ಚಿನಲ್ಲಿ ಹಾರ್ಲನ್‌ನ ಅಂತಿಮ ಪ್ರಾರ್ಥನೆ ಶನಿವಾರ ಆಯಿತು. ಮಣ್ಣು ಕಲ್ಲಾಗಿದೆ, ಗುಣಿ ತೋಡಲು ಬರುವುದಿಲ್ಲ. ಪೆಟ್ಟಿಗೆಯನ್ನು ಸ್ಮಶಾನದ ಕಲ್ಲುಮನೆಯಲ್ಲಿ ಇಟ್ಟಿದ್ದಾರೆ. ಹಿಮ ಕರಗಿ ನೆಲ ಮೆತ್ತಗಾದ ಮೇಲೆ, ಮೇ ತಿಂಗಳಲ್ಲಿ ಇಳಿಸುವುದು. ಅಲ್ಲಿಯವರೆಗೆ ಅವನು ಅತ್ತಲೂ ಇಲ್ಲ ಇತ್ತಲೂ ಇಲ್ಲ, ನಾನೂ ಹಾಗೇ.

ಊರಿನಲ್ಲಿ ಯಾರು ಸತ್ತರೂ ಮೊದಲು ಪಾತ್ರೆ ಹಿಡಿದುಕೊಂಡು ಹೋದವಳು ನಾನು. ಹೆರಿಗೆಯಾದರೂ ನಾನು, ಕಾಲು ಮುರಿದರೂ ನಾನು. ಅವರೆಲ್ಲ ನನಗೆ ಏನು ಮಾಡಿದರು ಕೇಳು. ಜಗಲಿಯ ಮೇಲೆ ಡಬ್ಬದ ಮೇಲೆ ಡಬ್ಬ. ಪಿಜ್ಜಾ, ಸೂಪು, ಹಣ್ಣು, ನಾನು ಕಂಡು ಕೇಳಿರದ ಸೊಪ್ಪು. ಪಾಸ್ಟರ್ ಹೆಂಡತಿ ಕೂಡ ಈ ಸಲ ಕೂಪನ್ನೇ ಕಳಿಸಿದಳು. ಮನೆಯೊಳಗೆ ಬಂದವರೇ ಇಲ್ಲ. ವಾಪಸು ಕೊಡಬೇಕಾದ ಪಾತ್ರೆ ನನ್ನ ಅಡುಗೆಮನೆಯಲ್ಲಿ ಒಂದೂ ಇಲ್ಲ ಟ್ವೈಲಾ. ಒಂದೂ ಇಲ್ಲ. ತಿಂಗಳಾದ ಮೇಲೆ ನಾನು ಯಾರ ಮನೆಗೆ ಯಾವ ನೆಪ ಹೇಳಿಕೊಂಡು ಹೋಗಲಿ?

ಆಮೇಲೆ ನಿನ್ನದು ಬಂತು. ಬಾಗಿಲ ಹತ್ತಿರ ಸದ್ದಾಯಿತು ಎಂದು ತೆರೆದರೆ, ನಮ್ಮ ವಯಸ್ಸಿನ ಹೆಂಗಸೊಬ್ಬಳು, ಒಂದು ಕಾಲು ಎಳೆಯುತ್ತ ಡಬ್ಬ ಇಟ್ಟು, ಫೋನು ಎತ್ತಿ ನನ್ನ ಬಾಗಿಲಿನ ಫೋಟೋ ತೆಗೆಯುತ್ತಿದ್ದಾಳೆ. ಬಾಗಿಲಿನಲ್ಲಿ ಸಾವಿನ ಗುರುತಿನ ಹೂವಿನ ಚಕ್ರ ತೂಗುತ್ತಿದೆ! ನನ್ನ ಮೈಯೆಲ್ಲ ಉರಿದುಹೋಯಿತು.

"ಏನ್ರೀ ಇದು? ಸಾವಿನ್ ಮನೆ ಬಾಗ್ಲು ನಿಮ್ಗೆ ಫೋಟೋ ತೆಗೆಯೋ ಜಾಗಾನಾ?" ಎಂದೆ.

"ತೆಗೀದಿದ್ರೆ ಕೊಟ್ಟಿಲ್ಲ ಅಂತಾರೆ ಅಮ್ಮಾವ್ರೇ."

"ಈ ವಯಸ್ಸಲ್ಲಿ ಡಬ್ಬ ಹೊತ್ಕೊಂಡು ಮನೆಮನೆ ಅಲೀತೀರಲ್ಲ, ಹಿಂದೆ ಮುಂದೆ ಯಾರೂ ಇಲ್ವಾ ನಿಮ್ಗೆ? ಮಾನ ಮರ್ಯಾದೆ ಬೇಡ್ವಾ?"

ಅವಳು ಇಳಿಯಲು ತಿರುಗಿದಳು. ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು, ಜಾರದ ಹಾಗೆ ಕಂಬ ಹಿಡಿದುಕೊಂಡಳು. ಅದನ್ನು ನೋಡಿ ಮನಸ್ಸು ತಡೆಯದೆ "ಕಾಫಿ ಬೇಕಾ?" ಎಂದೆ. "ಬೇಡ ಅಮ್ಮಾವ್ರೇ" ಎಂದಳು. ಎರಡನೆಯ ಸಲ ಕೇಳುವಷ್ಟು ದೊಡ್ಡ ಮನಸ್ಸು ಅವತ್ತು ನನಗಿರಲಿಲ್ಲ. ಬಾಗಿಲು ಹಾಕಿಕೊಂಡೆ. ಮಾರನೆಯ ದಿನ ಹಲಗೆಯೊಂದರ ಮೇಲೆ ದಪ್ಪಕ್ಷರದಲ್ಲಿ ಬರೆದು ಬಾಗಿಲ ಪಕ್ಕ ಹೊಡೆದಿದ್ದೇನೆ: ಡಬ್ಬ ತರುವವರು ಬೆಲ್ ಒತ್ತಕೂಡದು, ಇಟ್ಟು ಹೋಗಿ.

ಇನ್ನು ನಿನ್ನ ಡಬ್ಬದ ಒಳಗೆ ಏನು? ಹಾಟ್‌ಡಿಶ್! ಯಾವುದೋ ಕಾರ್ಖಾನೆಯದು. ಹಾರ್ಲನ್ ಯಾವುದಕ್ಕಾಗಿ ಕಾದನೋ ಅದೇ, ಅವನು ಹೋದ ಮೇಲೆ, ತಗಡಿನ ತಟ್ಟೆಯಲ್ಲಿ. ಮೂಲೆ ಕೆಂಪಾಗಿರಲಿಲ್ಲ. ಊಟದ ನಂತರ ತಟ್ಟೆ ಬಿಸಾಡಿ ಎಂದು ಮುಚ್ಚಳದ ಮೇಲೆ ಅಚ್ಚು ಹಾಕಿದ್ದರು. ನಾನು ಊಟಕ್ಕೆ ಮೊದಲೇ ಬಿಸಾಡಿದೆ.

ಆರ್ಡಿಸ್


ಟೂಸಾನ್
ಫೆಬ್ರವರಿ 5, 2023

ಆರ್ಡಿಸ್,

ಆ ಹೆಂಗಸಿನ ಕೈಗೆ ಗವಸು ಇತ್ತೇ? ಅದನ್ನು ನೀನು ಬರೆದಿಲ್ಲ. ಗವಸು ಹಾಕಿದರೆ ಫೋನು ಬೆರಳನ್ನು ಗುರುತಿಸುವುದಿಲ್ಲ. ಪ್ರತಿ ಮನೆಯಲ್ಲೂ ಬಿಚ್ಚಬೇಕು, ಪ್ರತಿ ಮನೆಯಲ್ಲೂ ಹಾಕಬೇಕು. ಇಲ್ಲಿ ಚಳಿಯಿಲ್ಲ, ನನ್ನ ಪುಣ್ಯ. ನನಗೆ ಬೇಸಿಗೆಯಲ್ಲಿ ಕಾರಿನ ಬಾಗಿಲಿಗೆ ಕೈ ಸುಡುತ್ತದೆ, ಅಷ್ಟೇ.

ಗೆಳತಿ ಎಂದು ಯಾರೂ ಇಲ್ಲ. ಅದು ನಾನೇ.

ನಮ್ಮ ಮಳಿಗೆಯ ಕಡೆಯ ವರ್ಷ ಹೇಗಿತ್ತು ಎಂದು ನೀನು ಯಾವತ್ತೂ ಕೇಳಲಿಲ್ಲ. ಹೆಂಗಸರು ಬರುತ್ತಿದ್ದರು. ಹಾಸಿಗೆ ಹೊದಿಕೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸು ಎನ್ನುತ್ತಿದ್ದರು. ಮುಟ್ಟಿ, ಕೆನ್ನೆಗೆ ಒತ್ತಿ, ಒಗೆದರೆ ಬಣ್ಣ ಬಿಡುತ್ತದೆಯೇ ಎಂದು ನನ್ನನ್ನೇ ಕೇಳಿ, ನನ್ನೆದುರಿಗೇ ಫೋನು ತೆಗೆದು ಅದನ್ನೇ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದರು. "ಥ್ಯಾಂಕ್ಸ್ ಕಣಮ್ಮ, ತುಂಬಾ ಚೆನ್ನಾಗಿ ಹೇಳ್ಕೊಟ್ಟೆ" ಎಂದು ನಕ್ಕು ಹೋಗುತ್ತಿದ್ದರು. ನಾನು ಬಿಡಿಸಿದ್ದನ್ನೆಲ್ಲ ಮತ್ತೆ ಮಡಿಸಿಡುತ್ತಿದ್ದೆ. ಈಗ ಅದೇ ಹೆಂಗಸರ ಬಾಗಿಲಿಗೆ ಅದೇ ಹೊದಿಕೆಯನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ. ಯಾರೂ ಗುರುತು ಹಿಡಿದಿಲ್ಲ, ಬಾಗಿಲು ತೆರೆದರಲ್ಲವೇ ಹಿಡಿಯುವುದು?

ಈಜುಕೊಳದ ಮನೆ ಕೈಬಿಟ್ಟು ಮೂರು ವರ್ಷವಾಯಿತು, ಅಲ್ಲಿಗೆ ಬರುತ್ತಿದ್ದ ನಿನ್ನ ಪತ್ರಗಳನ್ನು ಹಳೆಯ ನೆರೆಯವಳು ತೆಗೆದಿಟ್ಟು ಕೊಡುತ್ತಿದ್ದಳು. ಒಬ್ಬರ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿದ್ದೇನೆ, ಅದೂ ಯಾವಾಗ ಬಿಡು ಎನ್ನುತ್ತಾರೋ ಗೊತ್ತಿಲ್ಲ. ಹಬ್ಬದ ವಾರ ರಜೆ ಹಾಕಿದರೆ ಆಮೇಲೆ ಫೋನು ನನಗೆ ಕೆಲಸವನ್ನೇ ತೋರಿಸುವುದಿಲ್ಲ. ನಮ್ಮ ಭಾವ ಸಾಯುತ್ತಿದ್ದಾರೆ ಎಂದು ಅದಕ್ಕೆ ಹೇಳುವುದು ಹೇಗೆ? ನೀನು ಕೇಳಿದ ಹಾರನ್ನು ನನ್ನ ಹಿಂದೆ ನಿಂತ ಕಾರಿನದು. ನಿನ್ನ ಅಳು ಕೇಳುತ್ತ ನಾನು ದಾರಿಯ ನಡುವೆಯೇ ನಿಲ್ಲಿಸಿಬಿಟ್ಟಿದ್ದೆ.

ನನ್ನ ಕೋಣೆಯಲ್ಲಿ ಓವನ್ ಇಲ್ಲ. ಭಾವನ ಹೆಸರಿನಲ್ಲಿ ಅದೇ ಅಡುಗೆ ನಿನ್ನ ಮನೆ ಸೇರಲಿ ಎಂದು ಹುಡುಕಿ ಹುಡುಕಿ ಆರಿಸಿದ್ದೆ. ಅದನ್ನು ಬಿಸಾಡಿದ್ದನ್ನು ನೀನು ಎಷ್ಟು ಹೆಮ್ಮೆಯಿಂದ ಬರೆದಿದ್ದೀಯ!

ನೈಗಾರ್ಡ್ ಅಂಗಡಿಗೆ ಕಣ್ಣೀರಿಟ್ಟೆಯಲ್ಲ, ಅಲ್ಲಿಗೆ ನೀನು ಕಡೆಯ ಸಲ ಹೋದದ್ದು ಯಾವಾಗ? ಹೆದ್ದಾರಿಯ ದೊಡ್ಡ ಮಳಿಗೆಯಿಂದ ಕಾಫಿಪುಡಿ, ಹಿಟ್ಟು, ಕಾಗದದ ಸುರುಳಿ ಎಲ್ಲ ವರ್ಷಕ್ಕಾಗುವಷ್ಟು ಪಿಕಪ್ಪಿನಲ್ಲಿ ಹೇರಿಕೊಂಡು ಬಂದು, ಅಗ್ಗವಾಯಿತು ಎಂದು ನನಗೆ ಬರೆಯುತ್ತಿದ್ದವಳು ನೀನು. ನೈಗಾರ್ಡ್‌ನವನಿಗೆ ಆಗ ಹೊಟ್ಟೆ ಇರಲಿಲ್ಲವೇ? ಬೈಯುವಾಗ ನಿನ್ನನ್ನೂ ಸೇರಿಸಿಕೊಂಡು ಬೈದುಕೋ.

ಇನ್ನೇನಿಲ್ಲ. ನಾನು ಎರಡು ಸಲ ಬೇಡ ಅಂದಿದ್ದೇನೆ. ಅಮ್ಮನ ಪಾಠ ನಿನಗೂ ಗೊತ್ತು. ಮೇ ತಿಂಗಳಿಗೆ ಏನು ಬರೆಯುತ್ತೀಯೋ ನೋಡುತ್ತೇನೆ.

ಟ್ವೈಲಾ


ಹೋವ್ಡೆನ್
ಏಪ್ರಿಲ್ 12, 2023

ಟ್ವೈಲಾ,

ಕೆರೆಯ ಮಂಜುಗಡ್ಡೆ ಒಡೆಯತೊಡಗಿದೆ. ಈ ವರ್ಷ ತಡ. ಜಗಲಿಯ ಕಡೆಯಿಂದ ನೀರು ಒಳಗೆ ಜಿನುಗಿ ಚಾಪೆಯೆಲ್ಲ ಒದ್ದೆ.

ನಿನ್ನ ಪತ್ರ ಓದಿದೆ. ಅದಕ್ಕೆ ನಾನು ಬರೆಯುವುದೇನಿದೆ? ನಿನ್ನ ಸ್ವಂತ ಅಕ್ಕನಿಗೆ ಮೂರು ವರ್ಷ ಸುಳ್ಳು ಹೇಳುತ್ತ ಬಂದೆ, ಈಗ ನನ್ನ ಕಾಫಿಪುಡಿಯ ಮಾತೆತ್ತುತ್ತೀಯ. ಆ ಹೆಂಗಸಿಗೆ ಗವಸು ಇತ್ತೋ ಇಲ್ಲವೋ ನಾನು ನೋಡಲಿಲ್ಲ.

ಹಾರ್ಲನ್‌ನನ್ನು ಮೇ 13ನೇ ತಾರೀಕು, ಶನಿವಾರ ಬೆಳಿಗ್ಗೆ ಇಳಿಸುತ್ತಾರೆ. ಆಮೇಲೆ ಮನೆಯಲ್ಲಿ ಊಟ. ನೀನು ಬರಲೇಬೇಕೆಂದೇನಿಲ್ಲ. ನಿನ್ನ ಕೆಲಸಕ್ಕೆ ನನ್ನಿಂದ ತೊಂದರೆಯಾಗುವುದು ಬೇಡ.

ಆರ್ಡಿಸ್


ಅಲೆಕ್ಸಾಂಡ್ರಿಯಾ, ಮಿನೆಸೋಟ
ಮೇ 13, 2023

ಅಕ್ಕಾ,

ಬರಲೇಬೇಕೆಂದೇನಿಲ್ಲ ಎಂದು ಬರೆದಿದ್ದೆ. ಅದು ಕರೆದದ್ದೋ ಬೇಡವೆಂದದ್ದೋ ತಿಳಿಯದೆ ಅರಿಜೋನಾದಿಂದ ಇಲ್ಲಿಯವರೆಗೆ ಯೋಚಿಸುತ್ತ ಕಾರು ಓಡಿಸಿದೆ. ನಮ್ಮೂರಿನವರು ಬೇಡ ಎಂದರೆ ಬಾ ಎಂದರ್ಥ, ಅದು ನನಗೆ ಗೊತ್ತು. ಆದರೆ ನಾನು ಊರು ಬಿಟ್ಟು ಬಹಳ ಕಾಲವಾಯಿತು. ಗೊತ್ತಿದ್ದದ್ದರ ಮೇಲೂ ನಂಬಿಕೆ ಹೋಗಿದೆ.

ಸ್ಮಶಾನದ ಬೇಲಿಯ ಹೊರಗೆ ಕಾರಿನಲ್ಲಿ ಕೂತು ನೋಡಿದೆ. ಭಾವನನ್ನು ಇಳಿಸುವಾಗ ನೀನೊಬ್ಬಳೇ ಮುಂದೆ ನಿಂತಿದ್ದೆ. ಎದ್ದು ಬರಬೇಕೆನಿಸಿತು. ನೀನು ಮನೆಗೆ ಹೊರಡುವವರೆಗೂ ಅಲ್ಲೇ ಕೂತಿದ್ದೆ.

ಹಾಟ್‌ಡಿಶ್ ನಾನೇ ಮಾಡಿದ್ದು. ಉಳಿದುಕೊಂಡಿದ್ದ ಮೋಟೆಲಿನ ಅಡುಗೆಯವಳನ್ನು ಕಾಡಿ ಬೇಡಿ ಓವನ್ ಕೇಳಿದೆ. ನಾಲ್ಕು ಮೂಲೆಯೂ ಕೆಂಪಾಗಿವೆ. ಹಿಡಿದುಕೊಂಡು ನಿನ್ನ ಮೆಟ್ಟಿಲು ಹತ್ತಿ ಬೆಲ್‌ಗೆ ಕೈ ಚಾಚಿದೆ. ಪಕ್ಕದಲ್ಲೇ ನಿನ್ನ ಹಲಗೆ. ನನ್ನ ಪತ್ರ ಓದಿದ ಮೇಲೂ ನೀನು ಅದನ್ನು ಕಿತ್ತಿರಲಿಲ್ಲ. ಒಳಗೆ ತಟ್ಟೆ ಚಮಚಗಳ ಸದ್ದಾಗುತ್ತಿತ್ತು, ನೆಂಟರು ತುಂಬಿದ್ದಾರೆ ಅಂದುಕೊಂಡೆ. ಇಂಥ ಹಲಗೆಗಳ ಮುಂದೆ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಅಭ್ಯಾಸವಿದೆ. ಇಟ್ಟು ಬಂದೆ.

ನಿನ್ನ ಬಾಗಿಲ ಮುಂದೆ ಪಾತ್ರೆ ಇಟ್ಟದ್ದರ ಫೋಟೋ ಈ ಲಕೋಟೆಯೊಳಗಿಟ್ಟಿದ್ದೇನೆ, ದಾರಿಯ ಔಷಧದಂಗಡಿಯಲ್ಲಿ ಅಚ್ಚು ಹಾಕಿಸಿದೆ. ತಲುಪಿಲ್ಲ ಎಂದು ಹೇಳಬೇಡ.

ಟ್ವೈಲಾ


ಹೋವ್ಡೆನ್
ಜೂನ್ 22, 2023

ನನ್ನ ಟ್ವೈಲಾ,

ನಿನಗೆ ಮೇ ತಿಂಗಳಲ್ಲೇ ಬರೆದಿದ್ದೆ. ಪೋಸ್ಟ್ ಬಾಕ್ಸ್ ಬಿಟ್ಟಿದ್ದಾರೆ ಎಂದು ಮುದ್ರೆ ಹೊತ್ತು ಅದು ವಾಪಸು ಬಂತು. ನಿನ್ನ ಫೋನು ನಂಬರು ಚಾಲ್ತಿಯಲ್ಲಿಲ್ಲವಂತೆ. ಆದರೂ ಅದೇ ನಂಬರಿನ ಬಾಕ್ಸಿಗೇ ಬರೆಯುತ್ತಿದ್ದೇನೆ. ಬೇರೆ ಎಲ್ಲಿಗೆ ಬರೆಯಲಿ? ಇದೂ ವಾಪಸು ಬಂದರೆ ಮತ್ತೊಮ್ಮೆ ಬರೆಯುತ್ತೇನೆ.

ನೆಂಟರಿರಲಿಲ್ಲ ಕಣೇ. ಊಟಕ್ಕೆಂದು ಕರೆದವರೆಲ್ಲ ಸ್ಮಶಾನದಿಂದಲೇ ಕೈಕುಲುಕಿ ಹೋದರು. ನೀನು ಕೇಳಿದ ತಟ್ಟೆಯ ಸದ್ದು ನಾನು ನಿನಗೆಂದು ಇಡುತ್ತಿದ್ದ ತಟ್ಟೆಯದು. ಬರಲೇಬೇಕೆಂದೇನಿಲ್ಲ ಎಂದು ಬರೆದ ಕ್ಷಣದಿಂದ ನೀನು ಬರುತ್ತೀಯ ಅಂತಲೇ ನಂಬಿದ್ದೆ. ಅಮ್ಮನ ಮಗಳಲ್ಲವೇ, ನನ್ನ ಮಾತು ನಿನಗಲ್ಲದೆ ಇನ್ಯಾರಿಗೆ ಅರ್ಥವಾಗಬೇಕು? ಬಾ ಎಂದು ಒಂದಕ್ಷರ ಬರೆಯಲು ನನ್ನ ಸೊಕ್ಕು ಬಿಡಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು ಕೇಳಿತ್ತು. ಪರದೆಯ ಆಚೆ ಯಾರೋ ಬಗ್ಗಿ ಏನನ್ನೋ ಇಟ್ಟು ಫೋನು ಎತ್ತಿದ ನೆರಳು ಕಂಡಿತು. ಇನ್ನೊಂದು ಹಾಳು ಡಬ್ಬ ಎಂದುಕೊಂಡು ನಿನ್ನ ಲೋಟ ಒರೆಸುತ್ತ ನಿಂತೆ. ಐದು ಹೆಜ್ಜೆ ನಡೆದು ಬಾಗಿಲು ತೆರೆಯಲಿಲ್ಲ. ಸಂಜೆಯವರೆಗೆ ನಿನಗಾಗಿ ಕಾದು, ಬರಲಿಲ್ಲವೆಂದು ಬೈದುಕೊಂಡು, ಆಮೇಲೆ ತೆರೆದೆ. ನೀಲಿ ಅಂಚಿನ ಪಾತ್ರೆ ತಣ್ಣಗಾಗಿತ್ತು. ತಳ ನೋಡಿದೆ. ಅಮ್ಮನ ಹೆಸರಿನ ಹಳೆಯ ಟೇಪಿನ ಮೇಲೆ ನಿನ್ನ ಹೆಸರಿನ ಹೊಸ ಟೇಪು. ಅಲ್ಲೇ ಮೆಟ್ಟಿಲ ಮೇಲೆ ಕೂತು ಕೈಯಿಂದಲೇ ಮೂಲೆ ತುಂಡು ಮುರಿದು ತಿಂದೆ. ಹಾರ್ಲನ್ ಹೇಳಿದ್ದು ನಿಜ, ನನಗೆ ಹಾಗೆ ಮಾಡಲು ಬರುವುದಿಲ್ಲ.

ಹಲಗೆ ಕಿತ್ತೆ. ಬೇಕೆಂದೇ ಬಿಟ್ಟಿದ್ದೆ, ಮರೆತು ಅಲ್ಲ. ನಿನ್ನ ಮೇಲಿನ ಸಿಟ್ಟಿಗೆ ಬಿಟ್ಟಿದ್ದೆ. ನೀನೇ ಅದರ ಮುಂದೆ ಬಂದು ನಿಲ್ಲುತ್ತೀಯ ಎಂದು ಹೊಳೆಯಲಿಲ್ಲ.

ಈಗ ನಾನೂ ದಿನಕ್ಕೊಂದು ಸೂಪ್ ಡಬ್ಬಿ ತರಿಸುತ್ತೇನೆ. ನಗಬೇಡ. ಹೆಚ್ಚಿನ ದಿನ ಆ ಕಾಲು ಎಳೆದು ನಡೆಯುವ ಹೆಂಗಸೇ ತರುತ್ತಾಳೆ. ಬಾಗಿಲು ತೆರೆದುಕೊಂಡೇ ಕೂತಿರುತ್ತೇನೆ.

"ಕಾಫಿ ಕುಡ್ದು ಹೋಗಿ" ಎನ್ನುತ್ತೇನೆ.

"ಬೇಡ ಅಮ್ಮಾವ್ರೇ."

"ಒಂಚೂರು ಕುಡೀರಿ, ಮಾಡಿಟ್ಟಿದೀನಿ."

"ಬೇಡ ಅಮ್ಮಾವ್ರೇ, ಇನ್ನೊಂದ್ ಮನೆ ಇದೆ."

ಮೂರನೆಯ ಸಲ ಕೇಳುವಷ್ಟರಲ್ಲಿ ಅವಳು ಕಾರಿನ ಬಾಗಿಲು ಹಾಕಿಕೊಂಡಿರುತ್ತಾಳೆ. ಅವಳ ಬಲಗೈ ಬೆರಳುಗಳ ತುದಿಗಳು ಕಪ್ಪಾಗಿವೆ. ಚಳಿಗಾಲದಲ್ಲಿ ಹಿಮ ಕಚ್ಚಿ ಆದದ್ದಂತೆ. ಗವಸು ಇರಲಿಲ್ಲ ಟ್ವೈಲಾ. ಅಥವಾ ನಾನು ಬೈಯುವಾಗ ಬಿಚ್ಚಿಕೊಂಡು ನಿಂತಿದ್ದಳು.

ಇದು ಮೂರನೆಯ ಸಲ ಕೇಳುತ್ತಿರುವುದು. ಬಾ. ಇಲ್ಲವಾದರೆ ಎಲ್ಲಿದ್ದೀಯ ಎಂದಾದರೂ ತಿಳಿಸು, ನಾನೇ ಬರುತ್ತೇನೆ. ಪಾತ್ರೆ ತೊಳೆದು ಮೇಜಿನ ಮೇಲಿಟ್ಟಿದ್ದೇನೆ. ಪ್ರತಿ ಶನಿವಾರ ಬಿಸ್ಕತ್ತು ಮಾಡಿ ಅದರಲ್ಲಿ ತುಂಬುತ್ತೇನೆ. ಶುಕ್ರವಾರದ ಹೊತ್ತಿಗೆ ಮೆತ್ತಗಾಗಿರುತ್ತವೆ, ಹಕ್ಕಿಗಳಿಗೆ ಹಾಕಿ ಮತ್ತೆ ತೊಳೆದಿಡುತ್ತೇನೆ.

ಆರ್ಡಿಸ್